ಕರೆಂಟು ಹೋದರೂ ಅಡಿಕೆ ಲೆಕ್ಕ ಉಳಿಯುವಂತೆ ಮಾಡಿದ ಬಗೆ

ಬದಿಯಡ್ಕದ ಹತ್ತಿರದ ಅಡಿಕೆ ಖರೀದಿ ಅಂಗಡಿಯೊಂದರ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ಯಂತ್ರ ಒಮ್ಮೆಲೇ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿದಾಗ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸುಸ್ಥಿತಿಯಲ್ಲೇ ಇರುತ್ತಿತ್ತು. ಆದರೆ ಹಿಂದಿನವರು ಹಾಕಿಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮಿನ ಖಾತೆಯ ಫೈಲು ಕೆಲವೊಮ್ಮೆ ಸೊನ್ನೆ ಬೈಟ್ ಆಗಿರುತ್ತಿತ್ತು.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಇಎಕ್ಸ್‌ಟಿ4 ತನ್ನ ರೂಢಿಯ ಆರ್ಡರ್ಡ್ ವಿಧಾನದಲ್ಲಿ ಜರ್ನಲಿಗೆ (ಬದಲಾವಣೆಗಳನ್ನು ಮೊದಲೇ ಗುರುತಿಸಿಡುವ ದಾಖಲೆಗೆ) ಬರೆಯುವುದು ಫೈಲಿನ ಹೆಸರು, ಗಾತ್ರ, ಜಾಗಗಳ ಮಾಹಿತಿಯನ್ನೇ ಹೊರತು ಫೈಲಿನೊಳಗಿನ ಅಂಕಿಗಳನ್ನಲ್ಲ. ಸುಮಾರು 5 ಸೆಕೆಂಡುಗಳಿಗೊಮ್ಮೆ ಒಂದು ವಹಿವಾಟನ್ನು, ಅಂದರೆ ಇಂಥ ಬದಲಾವಣೆಗಳ ಒಂದು ಕಟ್ಟನ್ನು, ಮುಗಿಸಿ ‘ಇದು ಪೂರ್ತಿಯಾಯಿತು’ ಎಂಬ ಕಮಿಟ್ ಗುರುತು ಹಾಕುತ್ತದೆ. ಯಂತ್ರ ಮತ್ತೆ ಎದ್ದಾಗ ಆ ಗುರುತು ಇರುವ ವಹಿವಾಟುಗಳನ್ನು ಮಾತ್ರ ಮರಳಿ ನಡೆಸುತ್ತದೆ. ನಮ್ಮ ಪ್ರೋಗ್ರಾಮು ಹಳೆಯ ಫೈಲನ್ನು ಬರಿದು ಮಾಡಿ ಅದರಲ್ಲೇ ಹೊಸದನ್ನು ಬರೆಯುತ್ತಿದ್ದುದರಿಂದ, ಬರಿದಾಗಿಸಿದ್ದು ಕಮಿಟ್ ಆಗಿ, ಹೊಸ ಅಂಕಿಗಳು ಇನ್ನೂ ಮೆಮೊರಿಯಲ್ಲೇ ಇರುವ ಸಂದರ್ಭ ಬರುತ್ತಿತ್ತು. ಬರೆಹಗಳು ಇಂಥದೇ ಕ್ರಮದಲ್ಲಿ ಡಿಸ್ಕಿಗೆ ಇಳಿಯಬೇಕೆಂದಿದ್ದರೆ ಪ್ರೋಗ್ರಾಮೇ ಅದನ್ನು ಕೇಳಿ ಪಡೆಯಬೇಕು.

ಹಾಗಾಗಿ ಕಿರ್ದಿಯಲ್ಲಿ ಮೊದಲು ಬರೆದು ಅನಂತರ ಖಾತೆಗೆ ಏರಿಸುವ ಹಳೆಯ ಪದ್ಧತಿಯನ್ನೇ ಪ್ರೋಗ್ರಾಮಿಗೆ ತಂದೆ. ಪ್ರತಿ ನಮೂದೂ ಮೊದಲು ಲಾಗ್ ಫೈಲಿನ ಕೊನೆಗೆ ಸೇರುತ್ತದೆ: ಉದ್ದ, ಸರಣಿ ಸಂಖ್ಯೆ, ವಿವರ, ಕೊನೆಗೆ ಚೆಕ್‌ಸಮ್ (ನಮೂದು ಸರಿಯಾಗಿದೆಯೇ ಎಂದು ತಾಳೆ ನೋಡುವ ಅಂಕಿ). ಎಫ್‌ಸಿಂಕ್ (ಬರೆದದ್ದನ್ನು ಮೆಮೊರಿಯಿಂದ ಡಿಸ್ಕಿಗೆ ಇಳಿಸುವ ಆಜ್ಞೆ) ಮುಗಿದ ಬಳಿಕವೇ ರಶೀದಿ ಮುದ್ರಣವಾಗುತ್ತದೆ. ವಿವರದಲ್ಲಿ "ಇನ್ನು 40 ಕಿಲೋ ಕೂಡಿಸು" ಎಂದಿರದೆ "ಈ ಬೆಳೆಗಾರರ ಪಟೋರ ಒಟ್ಟು 215 ಕಿಲೋ" ಎಂದೇ ಇರುತ್ತದೆ (ಪಟೋರ ಅಡಿಕೆಯ ಒಂದು ದರ್ಜೆ). ಅದೇ ನಮೂದನ್ನು ಎರಡು ಸಲ ನಡೆಸಿದರೂ ಲೆಕ್ಕ ಕೆಡಬಾರದೆಂಬುದೇ ಇದರ ಉದ್ದೇಶ. ಯಂತ್ರ ಎದ್ದಾಗ ಚೆಕ್‌ಸಮ್ ಹೊಂದದ ಮೊದಲ ನಮೂದಿನಲ್ಲಿ ಓದು ನಿಲ್ಲುತ್ತದೆ, ಅರ್ಧ ಬರೆದ ಬಾಲ ಕಳಚಿಹೋಗುತ್ತದೆ. ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮಿನ ಇಂಟೆಂಟ್ ಲಾಗ್ ಸಿಂಕ್ ಕೇಳಿದ ಬರೆಹಗಳನ್ನು ಕಾಯುವುದೂ ಬಹುಮಟ್ಟಿಗೆ ಹೀಗೆಯೇ.

ಖಾತೆಯ ಫೈಲಿಗೆ ಬೇರೆ ದಾರಿ: ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಫೈಲು ಬರೆದು ಎಫ್‌ಸಿಂಕ್, ಬಳಿಕ ಅದಕ್ಕೆ ಖಾತೆಯ ಫೈಲಿನ ಹೆಸರನ್ನೇ ಕೊಡುವ ರಿನೇಮ್, ಕೊನೆಗೆ ಡೈರೆಕ್ಟರಿಗೂ ಎಫ್‌ಸಿಂಕ್. ಈ ಕೊನೆಯ ಹೆಜ್ಜೆಯನ್ನು ಅನೇಕರು ಬಿಡುತ್ತಾರೆ, ಬಿಡಬಾರದು. ಹಳೆಯ ಲಾಗನ್ನು ಅಳಿಸುವುದು ಇಷ್ಟೂ ಮುಗಿದ ಮೇಲೆಯೇ.

ಡಿಸ್ಕಿನೊಳಗಿನ ಕ್ಯಾಶ್ (ಬರೆಹ ತಾತ್ಕಾಲಿಕವಾಗಿ ತಂಗುವ ಮೆಮೊರಿ) ಇನ್ನೊಂದು ಚಿಂತೆ. ಬ್ಯಾರಿಯರ್ ತೆಗೆದುಹಾಕುವ ಆಯ್ಕೆಯನ್ನು ನಾನು ಎಲ್ಲಿಯೂ ಬಳಸುವುದಿಲ್ಲ, ಏಕೆಂದರೆ ಎಫ್‌ಸಿಂಕ್ ಮಾಡಿದಾಗ ಆ ಕ್ಯಾಶಿನಲ್ಲಿರುವುದು ಡಿಸ್ಕಿನ ಶಾಶ್ವತ ಜಾಗಕ್ಕೆ ಇಳಿಯುವುದು ಬ್ಯಾರಿಯರಿನಿಂದಲೇ. ಪರೀಕ್ಷಿಸಲು, ಎಫ್‌ಸಿಂಕ್ ಮುಗಿದ ಪ್ರತಿ ನಮೂದಿನ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳುಹಿಸುತ್ತ, ಪ್ಲಗ್ಗನ್ನೇ ಕಿತ್ತೆ. ಅಲ್ಲಿಗೆ ತಲುಪಿದ ಕೊನೆಯ ಸಂಖ್ಯೆಯವರೆಗಿನ ಎಲ್ಲ ನಮೂದುಗಳೂ ಲಾಗಿನಲ್ಲಿ ಇದ್ದವು.