ಕಾದಂಬರಿಯ ಮೊದಲ ಕರಡು ಮುಂದೆ ಸಾಗುವುದು ಹೇಗೆ?

ಕಾದಂಬರಿಗೆ ಕೈಹಾಕಿದ ಅನೇಕರು ಕಥೆ ಸಿಗದೆ ನಿಲ್ಲುವುದಿಲ್ಲ, ಮೊದಲ ಅಧ್ಯಾಯವನ್ನೇ ತಿದ್ದುತ್ತಾ ಕೂತು ನಿಲ್ಲುತ್ತಾರೆ. ಮೊದಲ ಕರಡು ಚೆನ್ನಾಗಿರಬೇಕಿಲ್ಲ, ಮುಗಿಯಬೇಕು.

ಮೊದಲು ಲೆಕ್ಕ. ಡೆಮಿ ಅಷ್ಟದಳದ (ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಅಳತೆ) ಒಂದು ಪುಟಕ್ಕೆ ಸುಮಾರು 200ರಿಂದ 250 ಪದ. ಇನ್ನೂರು ಪುಟಕ್ಕೆ 45 ಸಾವಿರ ಎಂದಿಟ್ಟುಕೊಳ್ಳಿ. ದಿನಕ್ಕೆ 300 ಪದದಂತೆ ವಾರಕ್ಕೆ ಆರು ದಿನ ಬರೆದರೆ 25 ವಾರ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವ ನಮ್ಮ ಭಾಷೆಯಲ್ಲಿ 300 ಕಡಿಮೆಯೇನಲ್ಲ. ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಮೆಟ್ರೊದಲ್ಲಿ ಬರುವವರು (ಸೀಟು ಸಿಕ್ಕರೆ!) ಫೋನಿನಲ್ಲೇ ಅರ್ಧ ಮುಗಿಸಬಹುದು. ಆದರೆ ಮನೆಯ ಕಂಪ್ಯೂಟರಿನಲ್ಲೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನ ಕಡತ ಫೋನಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ.

ಬರೆಯುವ ಮುನ್ನ ಒಂದು ಹಾಳೆಯಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂದು ಗುರುತು ಮಾಡಿಕೊಳ್ಳಿ. ಸೊಸೆ ಅತ್ತೆಗೆ 'ನೀವು' ಎನ್ನುತ್ತಾಳೋ 'ನೀನು' ಎನ್ನುತ್ತಾಳೋ? ಗಂಡನಿಗೆ 'ರೀ' ಎನ್ನುತ್ತಾಳೋ, ಹೆಸರು ಹಿಡಿದು ಕರೆಯುತ್ತಾಳೋ? ನಿರೂಪಣೆಯಲ್ಲಿ ಅಪ್ಪ 'ಬಂದ'ನೋ 'ಬಂದರು'ವೋ? ನಡುವೆ ಇದು ಬದಲಾದರೆ ಸರ್ವನಾಮದ ಜೊತೆ ಕ್ರಿಯಾಪದಗಳನ್ನೂ ಒಂದೊಂದಾಗಿ ತಿದ್ದಬೇಕು, 'ಫೈಂಡ್ ಅಂಡ್ ರಿಪ್ಲೇಸ್'ಗೆ ಬಗ್ಗುವ ಕೆಲಸವಲ್ಲ ಅದು. ಮಂಡ್ಯದಿಂದ ಬಂದ ಪಾತ್ರ ಮನೆಯಲ್ಲಿ 'ಬತ್ತೀನಿ', ಆಫೀಸಿನಲ್ಲಿ 'ಬರ್ತೀನಿ' ಎನ್ನುವುದಾದರೆ ಅದನ್ನೂ ಅಲ್ಲೇ ಬರೆದಿಡಿ.

ಗೊತ್ತಿಲ್ಲದ ಸಂಗತಿ ಎದುರಾದಾಗ '###' ಹಾಕಿ ಮುಂದೆ ಹೋಗಿ. ಬಸ್ ಚಾರ್ಜು, ಟಾಕೀಸಿನ ಹೆಸರು, ಅಂಗಡಿ ಬೀದಿ ಎಲ್ಲ ಆಮೇಲೆ ಹುಡುಕಿದರಾಯಿತು. ಕಥೆ ಯಾವುದರ ಮೇಲೆ ನಿಂತಿದೆಯೋ ಆ ಸಂಗತಿಯನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. 2005ರ ಕಥೆಯಲ್ಲಿ ನಾಯಕಿ ಮೆಟ್ರೊದಲ್ಲಿ ಹಳೆಯ ಗೆಳೆಯನನ್ನು ಕಾಣುವಂತಿಲ್ಲ, ಬೆಂಗಳೂರಿನಲ್ಲಿ ಮೆಟ್ರೊ ಓಡಿದ್ದು 2011ರ ಅಕ್ಟೋಬರಿನಲ್ಲಿ. ಅವಳ ವಿಮಾನ ದೇವನಹಳ್ಳಿಯಲ್ಲಿ ಇಳಿಯುವಂತೆಯೂ ಇಲ್ಲ, ಆ ನಿಲ್ದಾಣ ತೆರೆದದ್ದು 2008ರ ಮೇನಲ್ಲಿ.

ದಿನದ ಬರವಣಿಗೆಯನ್ನು ದೃಶ್ಯ ಮುಗಿಸಿ ನಿಲ್ಲಿಸಬೇಡಿ, ಮರುದಿನ ಖಾಲಿ ಪುಟ ಎದುರಾಗುತ್ತದೆ. ಉದಾಹರಣೆಗೆ, ದೃಶ್ಯದಲ್ಲಿ ಬಾಡಿಗೆ ಕೇಳಲು ಓನರ್ ಬಾಗಿಲು ಬಡಿದಿದ್ದಾರೆ. ಒಳಗಿರುವವನು ಚಿಲಕ ತೆಗೆಯುವ ಮೊದಲೇ ಎದ್ದುಬಿಡಿ. ಕೆಳಗೆ ಮರುದಿನಕ್ಕೆಂದು ಒಂದು ಸಾಲು ಇರಲಿ: 'ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಂತಾನೆ, ಓನರ್ ಒಪ್ಪಲ್ಲ.'

ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ನಾಯಕನ ತಂಗಿ ಬೇಡವೆನಿಸಿತೇ? ಹಿಂದಿನ ಪುಟಗಳಿಗೆ ಹೋಗಬೇಡಿ. 'ತಂಗಿ ಇಲ್ಲ' ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅವಳು ಮೊದಲಿಂದಲೂ ಇರಲಿಲ್ಲವೆಂಬಂತೆ ಮುಂದುವರಿಯಿರಿ.

ಹದಿನೈದು-ಇಪ್ಪತ್ತು ಸಾವಿರ ಪದದ ಹೊತ್ತಿಗೆ ಬರವಣಿಗೆ ಕುಂಟುತ್ತದೆ. ಸಾಮಾನ್ಯವಾಗಿ ಕಾರಣ ಸೋಮಾರಿತನವಲ್ಲ. ಪಾತ್ರಕ್ಕೆ ಬೇಕಾದದ್ದು ಸಿಕ್ಕಿಬಿಟ್ಟಿರುತ್ತದೆ, ಇಲ್ಲವೇ ಅಡ್ಡ ನಿಲ್ಲುವವರು ಯಾರೂ ಇರುವುದಿಲ್ಲ. ಉಳಿದ ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು ಬರೆಯಿರಿ: ಯಾರಿಗೆ ಏನು ಬೇಕು, ಯಾರು ತಡೆಯುತ್ತಾರೆ. ಉತ್ತರ ಹೊಳೆಯದ ದೃಶ್ಯವನ್ನು ಬಿಟ್ಟು ಗೊತ್ತಿರುವುದನ್ನು ಬರೆಯಿರಿ, ಅದು ಕೊನೆಯ ಅಧ್ಯಾಯವಾದರೂ ಸರಿಯೇ.