ನೆಲಮಾಳಿಗೆಯ ಕಾಂಕ್ರೀಟ್ ನೆಲದ ಸಂದು, ಬಿರುಕುಗಳನ್ನು ಮುಚ್ಚುವ ಕ್ರಮ

ದಾವಣಗೆರೆಯ ಸುತ್ತಮುತ್ತಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಅದರ ಮೇಲೆ ಕಟ್ಟಿದ ನೆಲಮಾಳಿಗೆಯ ಸಂದುಗಳನ್ನೆಲ್ಲ ಒಂದೇ ಸಮನೆ ಸಿಮೆಂಟಿನಿಂದ ಮುಚ್ಚಿಬಿಡುವುದು ಸರಿಯಲ್ಲ. ಗೋಡೆಯ ಬುಡದಲ್ಲಿ ಬಿಟ್ಟಿರುವ ಸಂದು ಕಾಂಕ್ರೀಟಿನ ಚಲನೆಗೆಂದೇ ಇರುವಂಥದು. ಅಲ್ಲಿ ಗಟ್ಟಿ ಗಾರೆ ತುಂಬಿದರೆ ಪಕ್ಕದಲ್ಲೇ ಹೊಸ ಬಿರುಕು ಏಳಬಹುದು.

ಮೊದಲು ತೇವವನ್ನು ಪರೀಕ್ಷಿಸಬೇಕು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟಾಗ ಅಡಿಯಲ್ಲಿ ಹನಿಗಟ್ಟಿದರೆ, ತೇವ ಕೆಳಗಿನಿಂದ ಏರುತ್ತಿದೆ ಎಂದರ್ಥ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಇದನ್ನು ನೆಲದಡಿಯ ತೇವ ಹೆಚ್ಚಿರುವಾಗ, ಅಂದರೆ ನಾಲೆಗೆ ನೀರು ಬಿಟ್ಟಿರುವಾಗಲೇ ಮಾಡುವುದು ಒಳ್ಳೆಯದು. ನೀರು ಒಸರುತ್ತಿದ್ದರೆ, ಅದು ಹೊರಗೆ ಹರಿದುಹೋಗುವ ವ್ಯವಸ್ಥೆಯಾಗದೆ ಸಂದು ಮುಚ್ಚಿ ಪ್ರಯೋಜನವಿಲ್ಲ.

ಅನಂತರ ಸಂದನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ದೂಳು ತೆಗೆದು, ಪೂರ್ತಿ ಒಣಗಿಸಿ, ಸಂದಿಗಿಂತ ತುಸು ದಪ್ಪನೆಯ ಫೋಮ್ ಬ್ಯಾಕರ್ ರಾಡನ್ನು (ಮೆತ್ತನೆಯ ಉದ್ದ ಸುರುಳಿ) ಒತ್ತಿ ಕೂರಿಸಿ, ಅದರ ಮೇಲೆ ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲೆಂಟನ್ನು ಗನ್ನಿನಿಂದ ತುಂಬಬೇಕು. 12 ಮಿ.ಮೀ. ಅಗಲದ ಸಂದಿಗೆ ಸುಮಾರು 6 ಮಿ.ಮೀ. ಆಳ ಸಾಕು. ಸೀಲೆಂಟ್ ಎರಡು ಪಕ್ಕಗಳಿಗೆ ಮಾತ್ರ ಹಿಡಿಯಬೇಕು. ತಳಕ್ಕೂ ಅಂಟಿಕೊಂಡರೆ ಸರಾಗವಾಗಿ ಹಿಗ್ಗಲಾರದೆ ಸೀಳಿಹೋಗುತ್ತದೆ. ರಾಡ್ ಇರುವುದೇ ಅದನ್ನು ತಪ್ಪಿಸಲು, ಆದ್ದರಿಂದ ಮೇಸ್ತ್ರಿ ಬೇಡವೆಂದರೂ ಎದುರಿಗೆ ನಿಂತು ಹಾಕಿಸಿಕೊಳ್ಳಿ.

ಅಡ್ಡಾದಿಡ್ಡಿ ಬಿರುಕಿನ ಮಾತು ಬೇರೆ. ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಬೆಳೆಯದ ಒಣ ಬಿರುಕಿಗೆ ಎಪಾಕ್ಸಿ (ಒಣಗಿದ ಮೇಲೆ ಗಟ್ಟಿಯಾಗುವ ಅಂಟು) ತುಂಬಬಹುದು. ಬೆಳೆಯುತ್ತಿದ್ದರೆ ಅಥವಾ ಒಂದು ಅಂಚು ಇನ್ನೊಂದಕ್ಕಿಂತ ಮೇಲೆದ್ದಿದ್ದರೆ, ಏನನ್ನೂ ತುಂಬುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಬೇಕು.