ಕಲ್ಲಿದ್ದಲು ಪದರ ದಾಟಿದ ಅಲೆಯ ಕ್ಯೂ ಅಳೆಯುವುದು: ನನ್ನ ಅನುಭವ

ಗುಜರಾತಿನ ಕ್ಯಾಂಬೆ ಬೇಸಿನ್ನಿನಲ್ಲಿ ಕಲೋಲ್ ಕಲ್ಲಿದ್ದಲು ದಾಟುವಷ್ಟರಲ್ಲಿ ಸೀಸ್ಮಿಕ್ ಅಲೆಯ (ನೆಲದೊಳಗೆ ಕಳಿಸುವ ಕಂಪನದ) ಮೇಲಿನ ಆವರ್ತನಗಳು ಸೊರಗಿರುತ್ತವೆ. ಈ ನಷ್ಟದ ಅಳತೆಯೇ ಕ್ಯೂ (Q): ಅದು ಕಡಿಮೆಯಾದಷ್ಟೂ ನಷ್ಟ ಹೆಚ್ಚು. ಬಂಡೆ ಒಂದಷ್ಟು ಶಕ್ತಿಯನ್ನು ಶಾಖವಾಗಿ ನುಂಗುತ್ತದೆ. ಉಳಿದ ನಷ್ಟ ಪದರಗಳಿಂದ: ಕಲ್ಲಿದ್ದಲಿನ ವೇಗ 2300 ಮೀ/ಸೆ, ಸಾಂದ್ರತೆ 1.4 ಗ್ರಾಂ/ಘನ ಸೆಂ.ಮೀ, ಸುತ್ತಲಿನ ಶೇಲ್ (ಜೇಡಿಬಂಡೆ) 2800, 2.3 ಎಂದಿಟ್ಟುಕೊಳ್ಳಿ. ಪ್ರತಿಫಲನಾಂಕ (ಪದರದ ಗಡಿಯಲ್ಲಿ ಮರಳುವ ಅಲೆಯ ಪಾಲು) ಸುಮಾರು −0.33. 5 ಮೀಟರ್ ಪದರದೊಳಗೆ ಎರಡು ಸಲ ಪುಟಿದ ಅಲೆ, ನೇರ ಅಲೆಯ 11% ಬಲದಲ್ಲಿ, ಅದೇ ಚಿಹ್ನೆಯಲ್ಲಿ, 4 ಮಿಲಿಸೆಕೆಂಡ್ ತಡವಾಗಿ ಬಂದು ಬಾಲಕ್ಕೆ ಸೇರುತ್ತದೆ. ಇಂಥ ಹತ್ತಾರು ಪದರ ಸೇರಿದರೆ ಅಲೆ ಅಗಲವಾಗುತ್ತದೆ.

ನಾನು ಝೀರೋ ಆಫ್‌ಸೆಟ್ ವಿಎಸ್‌ಪಿಯಿಂದ ಶುರುಮಾಡುತ್ತೇನೆ: ಬಾವಿಯ ಬಾಯಿಯ ಪಕ್ಕದಲ್ಲೇ ಕಂಪನ (ಶಾಟ್) ಹುಟ್ಟಿಸಿ, ಬಾವಿಯೊಳಗೆ ಬೇರೆ ಬೇರೆ ಆಳದಲ್ಲಿ ರಿಸೀವರ್ ಇಟ್ಟು ಅಲೆಯನ್ನು ದಾಖಲಿಸುವುದು. ಮೇಲ್ಮೈ ಬಳಿಯ ಮಾನಿಟರ್ ಜಿಯೋಫೋನ್ (ಕಂಪನ ಅಳೆಯುವ ಸಾಧನ) ನೋಡಿಕೊಂಡು ಶಾಟ್‌ನಿಂದ ಶಾಟ್‌ಗೆ ಆಗುವ ವ್ಯತ್ಯಾಸ ಸರಿಪಡಿಸಿ, ಮೊದಲ ಅಲೆಗೆ 100 ಮಿಲಿಸೆಕೆಂಡ್ ಕಿಟಕಿ ಹಾಕಿ (ಅಷ್ಟು ಭಾಗವನ್ನಷ್ಟೇ ಕತ್ತರಿಸಿ), ಅಂಚುಗಳನ್ನು ಕೊಸೈನ್ ಟೇಪರ್‌ನಿಂದ ಇಳಿಸುತ್ತೇನೆ. ಆಮೇಲೆ ಎರಡು ಆಳಗಳ ಸ್ಪೆಕ್ಟ್ರಮ್ (ಆವರ್ತನವಾರು ಬಲ) ಅನುಪಾತದ ಲಾಗರಿದಮ್ ತೆಗೆದು 15–70 ಹರ್ಟ್ಜ್‌ನಲ್ಲಿ ಗೆರೆ ಕೂರಿಸುವುದು. ಆಳಗಳ ನಡುವಿನ ಸಮಯ 0.2 ಸೆಕೆಂಡ್, ಇಳಿಜಾರು −0.0105 ಬಂದರೆ, ಕ್ಯೂ = π × 0.2 ÷ 0.0105, ಅಂದರೆ 60. ಪಕ್ಕಪಕ್ಕದ ರಿಸೀವರ್ ಹಿಡಿದರೆ ಋಣಾತ್ಮಕ ಕ್ಯೂ ಕೂಡ ಬರುತ್ತದೆ: ಕೆಳಗಿನ ಪ್ರತಿಫಲನ ಮೊದಲ ಅಲೆಯ ಮೇಲೇ ಬಂದು ಕೂತಿರುತ್ತದೆ. ಕೇಸಿಂಗ್ (ಬಾವಿಯ ಉಕ್ಕಿನ ಕೊಳವೆ) ಹಿಂದೆ ಸಿಮೆಂಟ್ ಸರಿಯಾಗಿ ಹಿಡಿಯದ ಆಳಗಳನ್ನು ಮುಲಾಜಿಲ್ಲದೆ ಬಿಟ್ಟುಬಿಡಿ.

ಈ 60ರಲ್ಲಿ ಎರಡೂ ನಷ್ಟ ಬೆರೆತಿವೆ. ಬಿಡಿಸಲು, ಬಾವಿಯಲ್ಲಿ ಉಪಕರಣ ಇಳಿಸಿ ಅಳೆದ ಸೋನಿಕ್ (ವೇಗ), ಡೆನ್ಸಿಟಿ (ಸಾಂದ್ರತೆ) ಲಾಗ್‌ಗಳಿಂದ ಹೀರಿಕೆಯೇ ಇಲ್ಲದ, ಪದರಗಳೊಳಗೇ ಪುಟಿಯುವ ಆಂತರಿಕ ಮಲ್ಟಿಪಲ್‌ಗಳೆಲ್ಲ ಇರುವ ಸಿಂಥೆಟಿಕ್ (ಲೆಕ್ಕದಿಂದ ಕಟ್ಟಿದ) ವಿಎಸ್‌ಪಿ ಮಾಡಿ, ಅದೇ ಕಿಟಕಿ, ಅದೇ ಬ್ಯಾಂಡ್‌ನಲ್ಲಿ ಅಳೆಯುತ್ತೇನೆ. ಅಲ್ಲಿ 150 ಬಂದರೆ 1/60 − 1/150 = 1/100; ಬಂಡೆಯ ಸ್ವಂತ ಕ್ಯೂ 100.

ಎಡವುವುದು ಇಲ್ಲೇ. ಕಲ್ಲಿದ್ದಲು ಇರುವಲ್ಲಿ ಬಾವಿಯ ಗೋಡೆ ಉದುರುತ್ತದೆ. ಕ್ಯಾಲಿಪರ್ (ಬಾವಿಯ ವ್ಯಾಸದ ಅಳತೆ) ಉಬ್ಬಿದ ಕಡೆ ಡೆನ್ಸಿಟಿ ಉಪಕರಣ ಮಡ್ಡನ್ನೇ (ಕೊರೆಯುವಾಗ ತುಂಬುವ ಕೆಸರುದ್ರವ) ಓದಿ 1.2 ತೋರಿಸಿದರೆ ಪ್ರತಿಫಲನ ಸುಳ್ಳಾಗಿ ಹೆಚ್ಚುತ್ತದೆ, ನಷ್ಟವೆಲ್ಲ ಪದರಗಳ ತಲೆಗೆ ಬೀಳುತ್ತದೆ. ಕ್ಯಾಲಿಪರ್ ನೋಡದೆ ಸಿಂಥೆಟಿಕ್ ಮಾಡಲೇಬೇಡಿ. ಲಾಗ್‌ಅನ್ನು 3 ಮೀಟರ್‌ಗೆ ಸರಾಸರಿ ಮಾಡುವುದು ಇದಕ್ಕೆ ತದ್ವಿರುದ್ಧ ತಪ್ಪು: ತೆಳು ಪದರಗಳೇ ಮಾಯವಾಗುತ್ತವೆ. 0.1524 ಮೀಟರ್ ಸ್ಯಾಂಪಲ್ ಹಾಗೇ ಇರಲಿ.

ಮೇಲ್ಮೈ ಡೇಟಾದಲ್ಲಿ ಡಿಕನ್ವಲ್ಯೂಷನ್ (ಅಗಲವಾದ ಅಲೆಯನ್ನು ಮತ್ತೆ ಚೂಪಾಗಿಸುವ ಸಂಸ್ಕರಣೆ) ಪದರಗಳ ಪಾಲನ್ನು ಒಂದಷ್ಟು ಆಗಲೇ ತೆಗೆದಿರುತ್ತದೆ. ಅದಕ್ಕೇ ಇನ್ವರ್ಸ್ ಕ್ಯೂಗೆ (ಸೊರಗಿದ ಆವರ್ತನಗಳನ್ನು ಮತ್ತೆ ಎತ್ತುವ ಹಂತಕ್ಕೆ) ನಾನು 60 ಕೊಡದೆ 100ರಿಂದ ಆರಂಭಿಸುತ್ತೇನೆ. 1.6 ಸೆಕೆಂಡಿನಲ್ಲಿ, 60 ಹರ್ಟ್ಜ್‌ಗೆ, ಮೊದಲನೆಯದು 44 ಡೆಸಿಬೆಲ್ ಎತ್ತುತ್ತದೆ, ಎರಡನೆಯದು 26. ಅದಕ್ಕೂ 20 ಡೆಸಿಬೆಲ್ ಮಿತಿ ಹಾಕುತ್ತೇನೆ. ಅದಕ್ಕಿಂತ ಮೇಲೆ ಎದ್ದು ಬರುವುದು ಹೆಚ್ಚಾಗಿ ನಾಯ್ಸ್.